ನಾಲ್ಕು ಸೆಕೆಂಡಿನ ಫಕ್ರುನ್ನೀಸಾ

ನವೆಂಬರ್ 24, ಸೋಮವಾರ

ಇವತ್ತೂ ಹಾಲು ಉಕ್ಕಿಸಿಬಿಟ್ಟೆ. ಒಲೆ ಒರೆಸಿದ್ದಾಯ್ತು. ಸಂಪಿನ ಮೋಟರ್ ಮತ್ತೆ ಕೈಕೊಟ್ಟಿದೆ — ಕಂಡೆನ್ಸರ್ ಹೋಗಿದೆ ಅಂತ ಮೆಕ್ಯಾನಿಕ್ಕು ಫೋನಿನಲ್ಲೇ ಹೇಳಿದ. ನೋಡದೇನೇ. ಈಗಿನ ಡಾಕ್ಟರುಗಳೂ ಹಾಗೇ.

ಬೆಳಿಗ್ಗೆ ಗೂಡಿನ ಮಾರುಕಟ್ಟೆ ಕಡೆ ಹೋಗಿ ಬಂದೆ. ಕೆಲಸ ಏನಿಲ್ಲ. ರಿಟೈರಾಗಿ ಇಷ್ಟು ವರ್ಷವಾದರೂ ಕಾಲು ತಾನಾಗಿ ಅಲ್ಲಿಗೇ ಎಳೆಯುತ್ತೆ. ರೇಷ್ಮೆಗೂಡು ತೂಗೋ ಕೆಲಸ ನನ್ನದು, ಆಯಸ್ಸೆಲ್ಲ ತಕ್ಕಡಿ ಮುಂದೆ ನಿಂತವನು. ನಮ್ಮ ದೇವನಹಳ್ಳಿ ವಿಜಯಪುರದಲ್ಲೂ ಈಗ ಹರಾಜೆಲ್ಲ ಕಂಪ್ಯೂಟರಿನಲ್ಲಿ. ವಾಸನೆ ಒಂದು ಮಾತ್ರ ಹಳೇದು.

ಮಧ್ಯಾಹ್ನದ ಮೇಲೆ ಬಿಲಾಲ್ ಬಂದ. ನನ್ನ ತಂಗಿ ಮಗ. ಶೂಟಿಂಗ್‌ಗಳಿಗೆ ವ್ಯಾನು, ಟೆಂಪೊ ಸಪ್ಲೈ ಮಾಡ್ತಾನೆ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ — "ಮಾಮು, ಪಾರ್ಟ್ ಟೂ ಶುರುವಾಯ್ತು. ಆವತೀಲೇ. ನಿಮ್ಮನ್ನ ಕೇಳ್ತಾ ಇದಾರೆ."

ನನ್ನನ್ನು ಕೇಳೋಕೆ ಕಾರಣ ಇದೆ. ಆರು ವರ್ಷದ ಹಿಂದೆ ಇವನ ಮದುವೆಯ ಮಾರನೇ ದಿನ. ಉಳಿದ ಬಿರಿಯಾನಿ ಕ್ಯಾರಿಯರ್‌ಗೆ ತುಂಬಿಕೊಂಡು ನಾನೂ ಫಕ್ರುನ್ನೀಸಾನೂ ಆವತಿಗೆ ಹೋಗಿದ್ವಿ, ಪಿಳ್ಳಪ್ಪನ ಮನೆಗೆ. ಅವರೆಕಾಯಿ ಬಿಡಿಸೋದಿದೆ ಅಂತ ಆಸಾಮಿ ಮದುವೆಗೆ ಬಂದಿರಲಿಲ್ಲ. ಬಸ್ಸಿಳಿದು ನಡೆದು ಹೋಗ್ತಿದ್ದರೆ ಊರ ಮುಂದೆ ಶೂಟಿಂಗು. ಜನ ಕಮ್ಮಿ ಬಿದ್ದಿದಾರೆ ಅಂತ ನಮ್ಮನ್ನೂ ಎಳೆದು ನಿಲ್ಲಿಸಿದರು. ಆಕಾಶದಲ್ಲಿ ಬೇರೆ ಲೋಕದ ಹಡಗು ಬರುತ್ತೆ, ಎಲ್ಲರೂ ಬಾಯಿ ತೆರೆದು ನೋಡಬೇಕು. ಎಲ್ಲಪ್ಪಾ ಹಡಗು ಅಂದರೆ, ಆಮೇಲೆ ಕಂಪ್ಯೂಟರಿನಲ್ಲಿ ಹಾಕ್ತೀವಿ, ಈಗ ಏರ್‌ಪೋರ್ಟಿಗೆ ಇಳೀತಿರೋ ಆ ವಿಮಾನ ನೋಡಿ ಅಂದರು. ಎಲ್ಲರೂ ನೋಡಿದರು. ಇವಳು ನೋಡಲಿಲ್ಲ. ವಿಮಾನ ದಿನಾ ನೋಡೋದೇ ತಾನೆ. ಚಳಿ ಗಾಳಿಗೆ ನನ್ನ ಮಫ್ಲರ್ ಜಾರಿತ್ತು, ಅದನ್ನ ಕಟ್ತಾ ನಿಂತುಬಿಟ್ಟಳು. ಹಿಂದೆ ಲೋಕ ಮುಳುಗ್ತಾ ಇದೆ, ಮುಂದೆ ಇವಳು ಗಂಡನಿಗೆ ಮಫ್ಲರ್ ಕಟ್ತಾ ಇದಾಳೆ. ಡೈರೆಕ್ಟರಿಗೆ ಅದು ಹಿಡಿಸಿಹೋಯ್ತು. ಪಿಕ್ಚರಿನ ಕೊನೇ ಶಾಟ್ ಅದೇ. ನಾಲ್ಕು ಸೆಕೆಂಡು.

ಪಾರ್ಟ್ ಟೂ ಅಲ್ಲಿಂದಲೇ ಶುರುವಂತೆ. ಅದೇ ಊರು, ಅದೇ ನಿಮಿಷ.

"ನಿಮ್ಮ ಮಾಮಿ ಇಲ್ವಲ್ಲೋ" ಅಂದೆ.

ಬಿಲಾಲ್ ಟೀ ಲೋಟ ನೋಡ್ತಾ ಕೂತ. ಅವರೇ ಬಂದು ಮಾತಾಡ್ತಾರೆ ಮಾಮು ಅಂದ.

ನವೆಂಬರ್ 26, ಬುಧವಾರ

ಚೈತ್ರ ಅಂತ ಒಂದು ಹುಡುಗಿ ಬಂದಿದ್ದಳು, ಅಸಿಸ್ಟೆಂಟ್ ಡೈರೆಕ್ಟರು. ಬಹಳ ಮರ್ಯಾದಸ್ತೆ. ಅಂಕಲ್ ಅಂಕಲ್ ಅಂತ ಮಾತು. ಟೀಪಾಯಿ ಮೇಲಿನ ಪೇಪರ್ ಸರಿಸಿ ಲ್ಯಾಪ್‌ಟಾಪ್ ಇಟ್ಟು ಆ ನಾಲ್ಕು ಸೆಕೆಂಡು ತೋರಿಸಿದಳು. ದೊಡ್ಡದಾಗಿ. ನಾನು ಅಷ್ಟು ದೊಡ್ಡದಾಗಿ ನೋಡಿರಲಿಲ್ಲ. ರೆಪ್ಪೆ ಕಾಣುತ್ತೆ. ಮೂಗುಬಟ್ಟಿನ ಪಕ್ಕದ ಮಚ್ಚೆ ಕಾಣುತ್ತೆ. ತುಟಿ ಅಲ್ಲಾಡುತ್ತೆ — "ಥಂಡೀ ಹೈ ಜೀ" ಅಂತಿದಾಳೆ, ಚಳಿ ಇದೆ ಅಂತ. ಪಿಕ್ಚರಿನಲ್ಲಿ ಅದು ಕೇಳಿಸಲ್ಲ, ಮ್ಯೂಸಿಕ್ ಇದೆ. ನನಗೆ ಕೇಳಿಸಿತು.

ಇನ್ನೊಂದು ಸಲ ಹಾಕಮ್ಮ ಅಂದೆ. ಹಾಕಿದಳು. ಮತ್ತೆ ಅಂದೆ. ಆಮೇಲೆ ಅವಳೇ ಕೇಳದೆ ಹಾಕ್ತಾ ಹೋದಳು.

ಮನೇಲಿ ಅವಳದೊಂದು ಫೋಟೊ ಇಲ್ಲ. ಅವಳಿಗೆ ಒಪ್ಪಿಗೆ ಇರಲಿಲ್ಲ. ನಮ್ಮ ಮದುವೆಯಲ್ಲೂ ತೆಗೆಸಲಿಲ್ಲ, ಮಗಳು ಬುಷ್ರಾ ಮದುವೆ ವೀಡಿಯೊದಲ್ಲಿ ಹೆಂಗಸರ ಕಡೆಗೆ ಕ್ಯಾಮೆರಾ ಬಿಟ್ಟಿರಲಿಲ್ಲ. ಆಧಾರ್ ಕಾರ್ಡಿನಲ್ಲಿ ಒಂದಿದೆ, ಅದು ಅವಳೇ ಅಂತ ನಾನು ಹೇಳಬೇಕು, ಇನ್ಯಾರಿಗೂ ಗೊತ್ತಾಗಲ್ಲ. ಶೂಟಿಂಗಿನದು ಮಾತ್ರ ಅವಳಿಗೇ ತಿಳಿಯದೆ ಆಗಿಹೋದದ್ದು. ಬುಷ್ರಾ ಮೊಬೈಲಿನಲ್ಲಿ ತೋರಿಸಿದಾಗ ಬೈಯುತ್ತಾಳೆ ಅಂದ್ಕೊಂಡಿದ್ದೆ. ನಕ್ಕಳು. ಇವರ ಮಫ್ಲರ್ ನೋಡೋಕೆ ಅಷ್ಟು ದೊಡ್ಡ ಹಡಗು ತಂದ್ರಾ ಅಂದಳು.

ಚೈತ್ರ ಹೇಳಿದ್ದು ಇಷ್ಟು. ಬೇರೆ ಹೆಂಗಸು ನಿಲ್ತಾಳೆ. ಮುಖ ಮಾತ್ರ ಕಂಪ್ಯೂಟರಿನಲ್ಲಿ ಫಕ್ರುನ್ನೀಸಾಳದ್ದು ಕೂರಿಸ್ತಾರೆ. ಅದಕ್ಕೆ ಮನೆಯವರ ಒಪ್ಪಿಗೆ ಬೇಕು. ಎಷ್ಟು ಹೊತ್ತು ಇರ್ತಾಳೆ ಅಂತ ಕೇಳಿದೆ. ಈ ಸಲ ಜಾಸ್ತಿ ಅಂಕಲ್, ಹತ್ತು ಹನ್ನೆರಡು ಸೆಕೆಂಡು ಬರಬಹುದು ಅಂದಳು.

ಕಾಗದ ಇಂಗ್ಲಿಷಿನಲ್ಲಿತ್ತು. ಕನ್ನಡಕ ಹಾಕಿಕೊಂಡು ಓದಿದೆ. 'ಇನ್ ಪರ್ಪೆಚ್ಯುಯಿಟಿ, ಥ್ರೂಔಟ್ ದಿ ಯೂನಿವರ್ಸ್'. ಪರ್ಪೆಚ್ಯುಯಿಟಿ ಅಂದರೆ ಎಂದೆಂದಿಗೂ. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಹನುಮಂತರಾಯಪ್ಪ ಮೇಷ್ಟ್ರು ಕಷ್ಟದ ಪದಕ್ಕೆಲ್ಲ ಅಂಡರ್‌ಲೈನ್ ಹಾಕಿಸ್ತಿದ್ದರು. ಬಿ.ಎ. ಮುಗಿಸಲಿಲ್ಲ, ಅಂಡರ್‌ಲೈನ್ ಉಳಿದಿದೆ. ಎಂದೆಂದಿಗೂ, ವಿಶ್ವದಾದ್ಯಂತ. ಟು ಬಿ ಫ್ರ್ಯಾಂಕ್, ಇಷ್ಟು ಖುಷಿಯಿಂದ ನಾನು ಯಾವ ಕಾಗದಕ್ಕೂ ಸೈನ್ ಹಾಕಿರಲಿಲ್ಲ.

ನವೆಂಬರ್ 27, ಗುರುವಾರ

ಹೊಸಕೋಟೆಯಿಂದ ಬುಷ್ರಾ ಫೋನು. ಅವಳಿಗೂ ಸಂತೋಷ. ಮಕ್ಕಳು ನಾನೀನ ಥಿಯೇಟರಲ್ಲಿ ನೋಡ್ತಾರೆ ಅಬ್ಬಾ ಅಂದಳು. ಚಿಕ್ಕವನಿಗೆ ಅಜ್ಜಿ ಮುಖ ನೆನಪೇ ಇಲ್ಲವಂತೆ. ಅವಳು ಹೋಗಿ ಎರಡು ವರ್ಷ ಆಗ್ತಾ ಬಂತಲ್ಲ.

ಮೋಟರ್ ರಿಪೇರಿಯಾಯ್ತು. ಕಂಡೆನ್ಸರೇ. ನೋಡದೆ ಹೇಳಿದ್ದು ಸರಿಯಾಗಿತ್ತು.

ಟ್ರಂಕಿನಲ್ಲಿ ಮಫ್ಲರ್ ಸಿಕ್ಕಿತು. ಕಾಫಿ ಬಣ್ಣ, ಅಂಚಿಗೆ ಹಳದಿ ಗೆರೆ. ನುಸಿಗುಳಿಗೆ ವಾಸನೆ. ಬಿಸಿಲಿಗೆ ಹಾಕಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ, ಕೋತಿ ಎತ್ತಿಕೊಂಡು ಹೋದೀತು ಅಂತ. ಕೋತಿ ಬರಲಿಲ್ಲ. ಆದರೂ ಕೂತೆ.

ಡಿಸೆಂಬರ್ 4, ಗುರುವಾರ

ಆವತಿಗೆ ಹೋಗಿದ್ದೆ, ಬಿಲಾಲ್ ಗಾಡಿಯಲ್ಲಿ. ಅಳತೆ ತಗೋಬೇಕು ಅಂತ ಕರೆಸಿದ್ದರು. ಪಿಳ್ಳಪ್ಪನ ಹೊಲ ಗುರುತು ಸಿಗಲಿಲ್ಲ. ರಾಗಿ ಕೊಯ್ದ ಹೊಲದ ನಡುವೆ ಹಡಗಿನ ರೆಕ್ಕೆ ಬಿದ್ದಿದೆ — ದೂರದಿಂದ ಕಬ್ಬಿಣ, ಹತ್ತಿರ ಹೋದರೆ ಥರ್ಮಾಕೋಲು. ಅದರ ನೆರಳಲ್ಲಿ ಕುರ್ಚಿ ಹಾಕಿಕೊಂಡು ಪಿಳ್ಳಪ್ಪ ಕೂತಿದ್ದ.

"ಬನ್ನಿ ಸಾಬ್ರೇ. ಇಷ್ಟ್ ವರ್ಸದಾಗೆ ಏನೇನೋ ಬಿತ್ತಿದೀನಿ, ಇಂತಾ ಬೆಳೆ ಬಂದಿರ್ಲಿಲ್ಲ" ಅಂದ.

ಹಳೇ ಸ್ನೇಹ. ಮಾರುಕಟ್ಟೆಗೆ ಗೂಡು ತರ್ತಿದ್ದಾಗಿಂದ. ಪಾರ್ಟ್ ಒನ್ ಗುಂಪಿನಲ್ಲಿ ಅವನೂ ಇದ್ದನಲ್ಲ, ಅವನನ್ನೂ ಪಾರ್ಟ್ ಟೂನಲ್ಲಿ ನಿಲ್ಲೋಕೆ ಕರೆದಿದಾರೆ, ಆರು ವರ್ಷದ ಹಿಂದೆ ತಲೆಯಲ್ಲಿ ಕೂದಲಿತ್ತು ಅಂತ ವಿಗ್ ಹಾಕ್ತಾರಂತೆ. ನನ್ನ ಗಡ್ಡಕ್ಕೆ ಬಣ್ಣ. ಹೊಟ್ಟೆಗೆ ಸ್ಪಂಜು, ಬಡವಾಗಿದೀನಂತೆ. ಈ ವಯಸ್ಸಿಗೆ ಇಬ್ಬರನ್ನೂ ಮದುಮಕ್ಕಳ ಹಂಗೆ ತಯಾರು ಮಾಡ್ತಾವ್ರೆ ಅಂತ ನಕ್ಕ.

ಟೆಂಟಿನೊಳಗೆ ಸುತ್ತಲೂ ಕ್ಯಾಮೆರಾ. ನಡುವೆ ಕೈ ಅಗಲಿಸಿ ನಿಲ್ಲಿಸಿದರು, ಬೆದರುಗೊಂಬೆ ಥರ. ಆಮೇಲೆ ಒಂದು ಸ್ಟ್ಯಾಂಡು ತಂದು ಎದುರಿಗಿಟ್ಟರು, ತುದಿಯಲ್ಲಿ ಟೆನಿಸ್ ಬಾಲು. ಇದು ಆಂಟಿ ಕಣ್ಣು ಅಂದ್ಕೊಳ್ಳಿ ಅಂಕಲ್, ಇದನ್ನೇ ನೋಡ್ತಿರಬೇಕು ಅಂದಳು ಚೈತ್ರ. ಇಷ್ಟು ಎತ್ತರ ಇರಲಿಲ್ಲಮ್ಮ, ನನ್ನ ಭುಜಕ್ಕೆ ಬರ್ತಿದ್ದಳು ಅಂದೆ. ಅವಳು ಕಂಪ್ಯೂಟರ್ ನೋಡಿ ಇಲ್ಲ ಅಂಕಲ್, ಇಷ್ಟೇ ಅಂದಳು. ನಾನು ಬಿಡಲಿಲ್ಲ. ಕೊನೆಗೆ ಅವತ್ತಿನ ಶಾಟ್ ತೋರಿಸಿದಳು, ಕಾಲು. ಹೀಲ್ಡ್ ಚಪ್ಪಲಿ. ಬಿಲಾಲ್ ಮದುವೆಗೆ ಅಂತ ತಗೊಂಡಿದ್ದು, ಕಚ್ಚುತ್ತೆ ಕಚ್ಚುತ್ತೆ ಅಂತ ದಾರಿಯುದ್ದಕ್ಕೂ ಗೊಣಗಿದ್ದಳು. ನನಗೆ ಮರೆತೇ ಹೋಗಿತ್ತು. ಕಂಪ್ಯೂಟರಿಗೆ ನೆನಪಿತ್ತು.

ಧೂಳಿಗೆ ಅಂತ ಮೂಟೆಗಟ್ಟಲೆ ಪುಡಿ ತಂದಿದಾರೆ. ಫ್ಯಾನ್ ಮುಂದೆ ಎರಚ್ತಾರೆ, ಊರು ಮಸುಕಾಗುತ್ತೆ. ಗಾಳಿ ನನ್ನ ಕಡೆ ತಿರುಗಿದಾಗ ವಾಸನೆ ಬಂತು. ಮುಲ್ತಾನಿ ಮಿಟ್ಟಿ. ಪಿಕ್ಚರಿನ ಧೂಳೆಲ್ಲ ಅದೇ ಅಂತೆ, ಕಣ್ಣಿಗೆ ಉರಿಯಲ್ಲವಂತೆ. ಶುಕ್ರವಾರ ಶುಕ್ರವಾರ ಫಕ್ರುನ್ನೀಸಾ ಅದನ್ನ ಪನ್ನೀರಲ್ಲಿ ಕಲೆಸಿ ಮುಖಕ್ಕೆ ಹಚ್ಚಿ ಕೂರ್ತಿದ್ದಳು. ಆವಾಗ ಮಾತಿಲ್ಲ, ಸನ್ನೆ ಮಾತ್ರ. ನಕ್ಕರೆ ಬಿರುಕು ಬಿಡುತ್ತೆ. ನಾನು ಬೇಕೂಂತಲೇ ನಗಿಸ್ತಿದ್ದೆ.

ಜೊಹರ್ ನಮಾಜಿನ ಹೊತ್ತು ಮೀರ್ತಾ ಬಂತು, ವುಜೂಗೆ ಕೈಮುಖ ತೊಳೆಯೋಣ ಅಂದರೆ ನೀರಿಲ್ಲ. ಟ್ಯಾಂಕರ್ ಬಂದಿಲ್ಲ, ಪಿಳ್ಳಪ್ಪನ ಬೋರಿಗೆ ಕರೆಂಟಿಲ್ಲ. ಬದುವಿನ ಮೇಲಿನ ಒಣಮಣ್ಣಿಗೆ ಕೈಯೊತ್ತಿ ಮುಖ ಸವರಿ, ಕೈ ಸವರಿ, ತಯಮ್ಮುಮ್ ಮಾಡಿದೆ. ಮಣ್ಣಲ್ಲಿ ಮುಖ ತೊಳೀತೀರಾ ಸಾಬ್ರೇ ಅಂತ ಪಿಳ್ಳಪ್ಪ ಆಶ್ಚರ್ಯಪಟ್ಟ. ನೀರು ಸಿಗದಿದ್ದರೆ ಮಣ್ಣೂ ನಡೆಯುತ್ತೆ ಕಣಪ್ಪ, ನೀರಿದ್ದರೆ ಮಾತ್ರ ಇಲ್ಲ ಅಂದೆ. ಒಳ್ಳೇ ರೂಲು ಅಂದ.

ಇಷ್ಟರವರೆಗೂ ಚೆನ್ನಾಗಿತ್ತು ದಿನ.

ತಡವಾಗಿ ಊಟಕ್ಕೆ ಕೂತಾಗ ಫಕ್ರುನ್ನೀಸಾ ಜಾಗದಲ್ಲಿ ನಿಲ್ಲೋ ಹೆಂಗಸು ಬಂದಳು. ರುಕ್ಸಾನಾ, ಹೊಸಕೋಟೆಯವಳೇ, ಜೂನಿಯರ್ ಆರ್ಟಿಸ್ಟು. ಮುಖದ ತುಂಬ ಕಪ್ಪು ಚುಕ್ಕೆ ಇಟ್ಟಿದಾರೆ, ಆ ಚುಕ್ಕೆ ಹಿಡಿದು ಕಂಪ್ಯೂಟರ್ ಇವಳ ಮುಖ ತೆಗೆದು ಅವಳ ಮುಖ ಕೂರಿಸುತ್ತೆ. ಬಾಯಿ ಜೋರು, ಮನಸ್ಸು ಒಳ್ಳೇದು. ಅನ್ನಕ್ಕೆ ಸಾರು ಕಲೆಸ್ತಾ ಹೇಳಿದಳು —

"ನನ್ನದೇನಿಲ್ಲ ಚಾಚಾ, ಮಫ್ಲರ್ ಕಟ್ಟೋದು, ಬೆಳಕು ಬೀಳೋದು, ಬೂದಿ ಆಗೋದು. ಆಮೇಲೆ ಎಲ್ಲಾ ನಿಮ್ಮದೇ."

ಯಾರು ಬೂದಿ ಆಗೋದು ಅಂದೆ.

ಅವಳ ಕೈ ತಟ್ಟೆಯಲ್ಲೇ ನಿಂತಿತು. ನಿಮಗೆ ಹೇಳಿಲ್ವಾ ಚಾಚಾ ಅಂದಳು.

ಡಿಸೆಂಬರ್ 6, ಶನಿವಾರ

ಏನೂ ಬರೆಯೋದಿಲ್ಲ.

ಡಿಸೆಂಬರ್ 9, ಮಂಗಳವಾರ

ಬಿಲಾಲ್‌ನ ಕೇಳಿದೆ. ನಾನು ಗಾಡಿಯವನು ಮಾಮು ಅಂದ. ಅದೂ ನಿಜ.

ಚೈತ್ರಾಗೆ ಫೋನ್ ಮಾಡಿದೆ. ಹೇಳಬೇಕಿತ್ತು ಅಂಕಲ್, ಸೈನ್ ಮಾಡೋವಾಗ ನೀವು ಅಷ್ಟು ಖುಷಿಯಾಗಿದ್ರಿ, ಬಾಯಿ ಬರಲಿಲ್ಲ ಅಂದಳು. ನಾನು ಬರೋದಿಲ್ಲಮ್ಮ, ಶಾಟೇ ಬೇಡ ಅಂದೆ. ನೀವು ಬರದಿದ್ದರೂ ಶಾಟ್ ಆಗುತ್ತೆ ಅಂಕಲ್, ಸ್ಕ್ಯಾನ್ ಮಾಡಿದೀವಲ್ಲ, ನಿಮ್ಮ ಜಾಗಕ್ಕೂ ಯಾರನ್ನಾದರೂ ನಿಲ್ಲಿಸ್ತಾರೆ ಅಂದಳು. ಹೆದರಿಸೋಕೆ ಹೇಳಿದ್ದಲ್ಲ. ಇದ್ದದ್ದು ಹೇಳಿದಳು.

ಅದೇ ನೋಡು. ನಾನು ಹೋಗದಿದ್ದರೆ ಅವಳು ಹೋಗೋದು ತಪ್ಪಲ್ಲ. ಯಾವನೋ ಗೊತ್ತಿಲ್ಲದವನ ಪಕ್ಕದಲ್ಲಿ ಹೋಗ್ತಾಳೆ ಅಷ್ಟೆ, ಅವನ ಕುತ್ತಿಗೆಗೆ ಮಫ್ಲರ್ ಕಟ್ತಾ.

ಡೈರೆಕ್ಟರ್ ಹತ್ತಿರ ಐದು ನಿಮಿಷ ಕೊಡಿಸ್ತೀನಿ ಅಂದಿದಾಳೆ.

ಡಿಸೆಂಬರ್ 11, ಗುರುವಾರ

ಡೈರೆಕ್ಟರನ್ನು ನೋಡಿ ಬಂದೆ. ದೊಡ್ಡ ವ್ಯಾನು, ಒಳಗೆ ಸೋಫಾ, ಏಸಿ. ನನ್ನ ಮಗನ ವಯಸ್ಸು — ಮಗನಿದ್ದಿದ್ದರೆ. ಎದ್ದು ನಿಂತು ಕೂರಿಸಿದ. ಶುಗರ್ ಇದೆಯಾ ಕೇಳಿ ತಾನೇ ಕಾಫಿ ಬೆರೆಸಿದ.

ಹೇಳಬೇಕಾದ್ದನ್ನೆಲ್ಲ ಇಂಗ್ಲಿಷಿನಲ್ಲಿ ರೆಡಿ ಮಾಡಿಕೊಂಡು ಹೋಗಿದ್ದೆ. ರೆಸ್ಪೆಕ್ಟೆಡ್ ಸಾರ್, ಐ ಬೆಗ್ ಟು ಸ್ಟೇಟ್... ರಜೆ ಅರ್ಜಿ ಥರ ಕೇಳಿಸ್ತು. ಬಿಟ್ಟು ಕನ್ನಡಕ್ಕೆ ಬಂದೆ. ಅವಳನ್ನ ಮಧ್ಯದಲ್ಲಿ ಎಲ್ಲಿಗಾದರೂ ಕಳಿಸಿಬಿಡಿ ಸಾರ್, ನೀರು ತರೋಕೆ, ಪಿಳ್ಳಪ್ಪನ ಮನೆಗೆ. ಪಿಕ್ಚರಿನಲ್ಲಿ ಮತ್ತೆ ಬರೋದೇ ಬೇಡ. ಎಲ್ಲೋ ಇದಾಳೆ ಅಂತ ಇರಲಿ, ನಿಮ್ಮ ಕಥೆಗೆ ಅಡ್ಡ ಬರಲ್ಲ ಅಂದೆ.

ಪೂರ್ತಿ ಕೇಳಿದ. ಮಧ್ಯದಲ್ಲಿ ಫೋನ್ ಬಂತು, ಎತ್ತಲಿಲ್ಲ. ಆಮೇಲೆ ಹೇಳಿದ — ಎಲ್ಲಿಗೆ ಹೋದರೂ ಜನ ಹಡಗಿನ ವಿಷಯ ಕೇಳಲ್ಲವಂತೆ, ಮಫ್ಲರ್ ಕಟ್ಟಿದ ಅಮ್ಮ ಯಾರು ಅಂತ ಕೇಳ್ತಾರಂತೆ. "ಅದಕ್ಕೇ ಸಾರ್ ಅವರು ಹೋಗಬೇಕು. ಗೊತ್ತಿಲ್ಲದೋರು ಸಾವಿರ ಜನ ಹೋದ್ರೂ ಥಿಯೇಟರಲ್ಲಿ ಪಾಪ್‌ಕಾರ್ನ್ ತಿಂತಾ ಇರ್ತಾರೆ."

ಹಾಗಾದರೆ ನನ್ನನ್ನ ಬೂದಿ ಮಾಡಿ ಅಂದೆ. ನನಗೂ ಸೈನ್ ಹಾಕಿ ಕೊಡ್ತೀನಿ.

"ಬೂದಿ ಆಗೋರಿಗೆ ಆ್ಯಕ್ಟಿಂಗ್ ಏನಿಲ್ಲ ಸಾರ್" ಅಂದ. "ಉಳಿಯೋರಿಗೇ ಇರೋದು."

ಕಾಫಿ ಕುಡಿದೆ. ಚೆನ್ನಾಗಿತ್ತು. ಒಳ್ಳೇ ಮನುಷ್ಯ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಬರಬಹುದಿತ್ತು.

ಡಿಸೆಂಬರ್ 12, ಶುಕ್ರವಾರ

ಜುಮಾ ಮುಗಿಸಿ ಬಂದು ಬುಷ್ರಾಗೆ ಹೇಳಿದೆ. ಸಿನಿಮಾ ತಾನೆ ಅಬ್ಬಾ ಅಂದಳು. ಹೂಂ ಅಂದೆ. ಅವಳು ಫೋನ್ ಇಡಲಿಲ್ಲ. ಆ ಕಡೆ ಕುಕ್ಕರ್ ಕೂಗ್ತಾ ಇತ್ತು. ಕೂಗಿ ಕೂಗಿ ನಿಂತಿತು.

ಮಕ್ಕಳನ್ನ ಕರಕೊಂಡು ಹೋಗಬೇಡ ಅಂದೆ.

ಡಿಸೆಂಬರ್ 27, ಶನಿವಾರ

ಹದಿನೈದು ದಿನ ಏನೂ ಬರೆದಿಲ್ಲ. ಬರೆಯೋಕೆ ಇರಲಿಲ್ಲ ಅಂತಲ್ಲ.

ಇವತ್ತು ರಿಹರ್ಸಲ್. ರುಕ್ಸಾನಾ ಮಫ್ಲರ್ ಕಟ್ಟೋದು ತಪ್ಪು. ಗಂಟಲ ಮುಂದೆ ಗಂಟು ಹಾಕ್ತಾಳೆ, ಸ್ಕೂಲ್ ಮಕ್ಕಳಿಗೆ ಕಟ್ಟೋ ಥರ. ಫಕ್ರುನ್ನೀಸಾ ಒಂದೇ ಸುತ್ತು ಸುತ್ತಿ, ತುದಿಯನ್ನ ಎಡಗಿವಿಯ ಕೆಳಗೆ ಸಿಕ್ಕಿಸಿ, ಮೇಲಿಂದ ಅಂಗೈಯಲ್ಲಿ ತಟ್ಟುತಿದ್ದಳು. ಹಿಟ್ಟು ಸರಿಯಾಗಿ ನಾದಿದೆಯಾ ಅಂತ ನೋಡೋರು ತಟ್ಟುತಾರಲ್ಲ, ಹಾಗೆ. ಸುಮ್ಮನಿರೋಣ ಅಂದ್ಕೊಂಡೆ. ತಪ್ಪಾಗೇ ಕಟ್ಟಲಿ. ತಪ್ಪು ಕಟ್ಟಿದರೆ ಅದು ಅವಳಲ್ಲ, ಬೂದಿಯಾಗೋದು ಯಾರೋ ಬೇರೆಯವಳು.

ಆದರೆ ಅವಳ ಮುಖ ಇಟ್ಟುಕೊಂಡು ಯಾರೋ ಅಷ್ಟು ಕೆಟ್ಟದಾಗಿ ಮಫ್ಲರ್ ಕಟ್ಟೋದನ್ನ ವಿಶ್ವದಾದ್ಯಂತ ನೋಡಬೇಕಾ? ನೆವರ್‌ದಿಲೆಸ್ ಹೇಳಿಕೊಟ್ಟೆ. ಹಾಗಲ್ಲ ತಾಯಿ, ಹೀಗೆ ಅಂತ ನನ್ನ ಕೈಯಿಂದಲೇ ಅವಳ ಕುತ್ತಿಗೆಗೆ ಸುತ್ತಿ ತೋರಿಸಿದೆ. ಅವಳು ಜಾಣೆ. ಮೂರನೇ ಸಲಕ್ಕೆ ಬಂದುಬಿಟ್ಟಿತು. ಕಿವಿ ಕೆಳಗೆ ಸಿಕ್ಕಿಸಿ ತಟ್ಟಿದಳು.

ನಾನು ಹೋಗಿ ಥರ್ಮಾಕೋಲಿನ ರೆಕ್ಕೆ ಹಿಂದೆ ನಿಂತೆ. ಪಿಳ್ಳಪ್ಪ ಬಂದು ಪಕ್ಕದಲ್ಲಿ ನಿಂತ. ವಿಗ್ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡ.

ಜನವರಿ 6, ಮಂಗಳವಾರ

ಶಾಟ್ ಆಯಿತು. ಆಗಲಿಲ್ಲ. ಹೇಗೆ ಬರೆಯೋದು ಗೊತ್ತಾಗ್ತಿಲ್ಲ.

ಹೀಗಿತ್ತು. ನನ್ನ ಎಡಗೈಯಲ್ಲಿ ಟಿಫಿನ್ ಕ್ಯಾರಿಯರ್. ಬಲಗೈ ಖಾಲಿ. ಪಾರ್ಟ್ ಒನ್‌ನಲ್ಲಿ ಹಾಗೇ ಇತ್ತು. ರುಕ್ಸಾನಾ ಮಫ್ಲರ್ ಸುತ್ತುತಾಳೆ, ಸಿಕ್ಕಿಸ್ತಾಳೆ, ತಟ್ಟುತಾಳೆ. ಕಣ್ಣು ಕುಕ್ಕೋ ಲೈಟು ಬೀಳುತ್ತೆ. ಆ ಕ್ಷಣಕ್ಕೆ ಅವಳು ಪಟ್ಟನೆ ಕೂತು ಕ್ಯಾಮೆರಾದಿಂದ ತಪ್ಪಿಸಿಕೊಳ್ಳಬೇಕು, ಅವಳಿದ್ದ ಜಾಗದಲ್ಲಿ ಬೂದಿಯನ್ನ ಕಂಪ್ಯೂಟರ್ ಹಾಕುತ್ತೆ. ನಾನು ಅಲ್ಲಾಡದೆ ನೋಡಬೇಕು. ಅಷ್ಟೇ ಕೆಲಸ.

ಲೈಟು ಬಿತ್ತು. ನನ್ನ ಬಲಗೈ ಹೋಗಿ ಅವಳ ಮಣಿಕಟ್ಟು ಹಿಡಿದುಕೊಂಡಿತು.

ಕಟ್ ಅಂದರು. ಅಂಕಲ್, ಮುಟ್ಟಬಾರದು ಅಂದಳು ಚೈತ್ರ. ಗೊತ್ತಮ್ಮ, ಸಾರಿ ಅಂದೆ. ಮತ್ತೆ ನಿಂತೆವು. ಲೈಟು. ಕೈ ಮತ್ತೆ ಹೋಯಿತು. ಸಾರಿ ಸಾರ್ ಅಂತ ಡೈರೆಕ್ಟರಿಗೂ ಹೇಳಿದೆ. ಮತ್ತೆ. ಮತ್ತೆ. ಬೇಕೂಂತ ಮಾಡಿದ್ದಲ್ಲ. ಟು ಬಿ ಫ್ರ್ಯಾಂಕ್, ಮೊದಮೊದಲು ಒಳಗೊಳಗೇ ಸಂತೋಷ ಆಯಿತು, ಕೈ ಮಾತು ಕೇಳ್ತಾ ಇಲ್ಲವಲ್ಲ ಅಂತ. ಆಮೇಲೆ ಜನ ಕಾಯ್ತಾ ಇದಾರೆ, ಬಿಸಿಲು ಏರ್ತಾ ಇದೆ, ರುಕ್ಸಾನಾ ಕೂತು ಎದ್ದು ಸೋತಿದಾಳೆ. ಕೈ ನೋಯ್ತಿದೆ ಚಾಚಾ ಅಂದಳು ಮೆಲ್ಲಗೆ. ನೋಡಿದರೆ ಬಳೆ ಒತ್ತಿ ಕೆಂಪಗಾಗಿದೆ. ನಾಚಿಕೆಯಾಯಿತು. ಬಲಗೈನ ಜೇಬಿಗೆ ಹೊಲಿದುಬಿಡಿ ಸಾರ್ ಅಂತ ನಾನೇ ಅಂದೆ. ಪಾರ್ಟ್ ಒನ್‌ನಲ್ಲಿ ಕೈ ಹೊರಗಿತ್ತು ಅಂಕಲ್, ಆಗಲ್ಲ ಅಂದಳು ಚೈತ್ರ.

ಅವತ್ತು ಆಂಬುಲೆನ್ಸಿನಲ್ಲಿ ಫಕ್ರುನ್ನೀಸಾ ಜೊತೆ ಹಿಂದೆ ಕೂರೋಕೆ ಬಿಡಲಿಲ್ಲ. ಜಾಗ ಇಲ್ಲ, ನೀವು ಡ್ರೈವರ್ ಪಕ್ಕ ಕೂತ್ಕೊಳ್ಳಿ ಅಂದರು. ವಿಜಯಪುರದಿಂದ ಯಲಹಂಕದವರೆಗೂ ನಾನು ರಸ್ತೆ ನೋಡ್ತಾ ಕೂತಿದ್ದೆ. ಇಳಿದು ಹಿಂದಕ್ಕೆ ಹೋಗುವಷ್ಟರಲ್ಲಿ ಮುಗಿದಿತ್ತು. ಈ ಕೈ ಅವತ್ತು ಡ್ಯಾಶ್‌ಬೋರ್ಡ್ ಹಿಡಿದುಕೊಂಡಿತ್ತು.

ಡೈರೆಕ್ಟರು ಮಾನಿಟರ್ ಮುಂದೆ ಬಹಳ ಹೊತ್ತು ಕೂತಿದ್ದ. ತೆಗೆದದ್ದನ್ನೇ ತಿರುಗಿಸಿ ತಿರುಗಿಸಿ ನೋಡಿದ. ಬೈತಾನೆ ಅಂದ್ಕೊಂಡೆ. ಎದ್ದು 'ಹಿಡ್ಕೊಳ್ಳಲಿ' ಅಂದ. "ಹಿಡ್ಕೊಂಡಿರೋ ಹಾಗೇ ಹೋಗ್ಲಿ ಅವರು. ಕೊನೆಗೆ ಕೈಯಲ್ಲಿ ಬೂದಿ ಉಳೀಲಿ."

ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು. ಇಡೀ ಪಿಕ್ಚರಿನಲ್ಲೇ ಇದು ದೊಡ್ಡ ಶಾಟ್ ಆಗುತ್ತಂತೆ. ಯಾರೋ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದರು.

ಅಡ್ಡ ಬಂದೆ ಅಂತ ನಾನು ಅಂದ್ಕೊಂಡಿದ್ದು. ದಾರಿ ಮಾಡಿಕೊಟ್ಟಿದ್ದೆ.

ಆಮೇಲೆ ಒಂದೇ ಟೇಕ್. ಹಿಡಿದುಕೊಂಡೆ. ಓಕೆ ಆಯಿತು.

ನಾಳೆ ಕೈ ಒಂದರದೇ ಶಾಟ್. ಮುಷ್ಟಿ ಮೆಲ್ಲಗೆ ಬಿಚ್ಚಬೇಕು, ಬೂದಿ ಸುರಿಯಬೇಕು.

ಜನವರಿ 7, ಬುಧವಾರ, ಸಂಜೆ

ಎಡಗೈಯಲ್ಲಿ ಬರೀತಿದೀನಿ. ಅಕ್ಷರ ಸೊಟ್ಟ.

ಬೂದಿ ಅಂದರೆ ಅದೇ. ಮುಲ್ತಾನಿ ಮಿಟ್ಟಿ. ಚೈತ್ರ ಚಮಚದಲ್ಲಿ ತಂದು ಅಂಗೈಗೆ ಹಾಕಿ ಬೆರಳು ಮಡಚಿದಳು. ತಣ್ಣಗಿತ್ತು. ಕ್ಯಾಮೆರಾ ಕೈ ಹತ್ತಿರ ತಂದರು. ಫೋಕಸ್ ನೋಡ್ತಾ ನೋಡ್ತಾ ಮೋಡ ಕವೀತು. ಲೈಟ್ ಹೋಯಿತು, ನಾಳೆ ತೆಗೆಯೋಣ ಅಂದರು. ಪ್ಯಾಕಪ್.

ಪುಡಿ ಆ ಶೀಟ್ ಮೇಲೆ ಹಾಕಿಬಿಡಿ ಅಂಕಲ್ ಅಂದಳು ಚೈತ್ರ. ಹೂಂ ಅಂದೆ. ಹಾಕಲಿಲ್ಲ. ಹಾಗೇ ಬಿಲಾಲ್ ಗಾಡಿ ಹತ್ತಿದೆ. ಪಿಳ್ಳಪ್ಪ ಕೈ ಬೀಸಿದ, ನಾನು ಬೀಸಲಿಲ್ಲ. ದೇವನಹಳ್ಳಿ ದಾಟೋ ತನಕ ಬಿಲಾಲ್ ನೋಡಿಯೂ ನೋಡದ ಹಾಗಿದ್ದ. ಆಮೇಲೆ ಕೇಳಿದ.

"ಕೈಗೇನಾಯ್ತು ಮಾಮು?"

"ಏನಿಲ್ಲ. ನೀನು ರಸ್ತೆ ನೋಡು."

ಮನೆ ಬೀಗ ಅವನೇ ತೆಗೆದುಕೊಟ್ಟ. ಟೀ ಮಾಡಲಾ ಅಂದ, ಬೇಡ ಅಂದೆ. ಹೋದ.

ಮುಷ್ಟಿ ಬೆವರ್ತಾ ಇದೆ. ಒಳಗೆ ಪುಡಿ ನೆನೀತಿದೆ, ವಾಸನೆ ಏಳ್ತಿದೆ. ಶುಕ್ರವಾರದ ವಾಸನೆ. ಬೆರಳ ಸಂದಿನಲ್ಲಿ ಒಣಗಿ ಆಗಲೇ ಸಣ್ಣ ಬಿರುಕು.

ಚೈತ್ರ ಫೋನ್ ಮಾಡಿದ್ದಳು. ನಾಳೆ ಬೆಳಿಗ್ಗೆ ಗಾಡಿ ಬರುತ್ತೆ, ಹೊಸ ಪುಡಿ ತಂದಿಟ್ಟಿರ್ತಾರೆ. ಕೈ ಬಿಚ್ಚೋದೊಂದೇ ಬಾಕಿ ಅಂಕಲ್, ಒಂದು ನಿಮಿಷದ ಕೆಲಸ ಅಂದಳು. ಆಗಲಮ್ಮ ಅಂದೆ. ಬಿಚ್ಚುತೀನಿ. ನಾನು ಬಿಚ್ಚದಿದ್ದರೆ ಸ್ಕ್ಯಾನ್ ಬಿಚ್ಚುತ್ತೆ.

ಅದು ನಾಳೆ.

ಮಗ್ರಿಬ್ ಅಜಾನ್ ಶುರುವಾಯಿತು. ವುಜೂ ಮಾಡಬೇಕು. ಈ ಕೈಯಲ್ಲೇ ಮಣ್ಣಿದೆ, ಪಾಕ್ ಮಣ್ಣು, ಶುದ್ಧವಾದದ್ದು. ಮುಖಕ್ಕೆ ಸವರಿಕೊಂಡರೆ ತಯಮ್ಮುಮ್ ಆಗಿಹೋಗುತ್ತೆ, ಪೂರ್ತಿ ತೊಳೆಯೋದೇ ಬೇಡ. ನಲ್ಲಿ ತಿರುಗಿಸಿ ನೋಡಿದೆ. ಜೋರಾಗಿ ಬಂತು. ಮೋಟರ್ ಸರಿಯಾದಾಗಿಂದ ಸಂಪು ತುಂಬಿ ತುಳುಕ್ತಾ ಇದೆ. ಇವತ್ತೊಂದು ದಿನ ಕೆಟ್ಟಿರಬಾರದಿತ್ತಾ.

ನೀರಿದ್ದರೆ ಮಣ್ಣು ನಡೆಯಲ್ಲ. ಪಿಳ್ಳಪ್ಪನಿಗೆ ನಾನೇ ಹೇಳಿದ್ದು.

ಅಜಾನ್ ಮುಗೀತಾ ಬಂತು. ನಲ್ಲಿ ಬಿಟ್ಟೇ ಬಂದಿದೀನಿ, ನೀರಿನ ಸದ್ದು ಇಲ್ಲಿಗೂ ಕೇಳ್ತಿದೆ. ಏಳಬೇಕು. ಬಿಸ್ಮಿಲ್ಲಾ ಅಂತ ಮೊದಲು ತೊಳೆಯೋದು ಬಲಗೈ